ಮಂಕು ಹೆಡ್‌ಲೈಟ್ ಉಜ್ಜುವ ಕಿಟ್: ಉಪ್ಪುಕಾಗದಕ್ಕೆ 5 ಸ್ಟಾರ್, ಕೊನೆಯ ಪೊಟ್ಟಣಕ್ಕೆ 1

ಡಬ್ಬಿಯಲ್ಲಿ ಏನೇನು ಬರುತ್ತದೆ ಅಂತ ಎಲ್ಲರೂ ಫೋಟೋದಲ್ಲಿ ನೋಡಿರುತ್ತೀರಿ, ಅದನ್ನು ಬಿಡೋಣ. ಎರಡು ಬೇಸಿಗೆ, ಒಂದು ಮಳೆಗಾಲ ದಾಟಿದ ಮೇಲಿನ ಮಾತು ಇದು.

ಕಿಟ್ ತರಿಸುವ ಮೊದಲು ಹೆಡ್‌ಲೈಟ್ ಮೇಲೆ ಒಂದು ಲೋಟ ನೀರು ಸುರಿದು ನೋಡಿ. ಒದ್ದೆಯಾದ ಕೂಡಲೇ ಒಳಗಿನ ಬಲ್ಬು ತಿಳಿಯಾಗಿ ಕಂಡರೆ ಮಂಕು ಹೊರಮೈಯದು, ಉಜ್ಜಿದರೆ ಹೋಗುತ್ತದೆ. ಒದ್ದೆಯಾದರೂ ಹಾಗೇ ಇದ್ದರೆ ಮಂಕು ಒಳಮೈಯದು, ಇಲ್ಲವೇ ಪ್ಲಾಸ್ಟಿಕ್ಕಿಗೆ ಕೂದಲೆಳೆಯಂಥ ಬಿರುಕು ಇಳಿದಿದೆ; ಕಿಟ್ಟಿಗೆ ಕೊಡುವ ದುಡ್ಡು ದಂಡ. ಮಳೆಗಾಲದಲ್ಲಿ ಒಳಗೆ ತೆಳ್ಳಗೆ ಆವಿ ಕಟ್ಟಿ, ಲೈಟ್ ಹಾಕಿದ ಮೇಲೆ ಆರಿದರೆ ಚಿಂತೆ ಬೇಡ. ತಳದಲ್ಲಿ ನೀರೇ ನಿಂತರೆ ಹಿಂದಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿದೆಯಾ ನೋಡಿ.

ಅಂಬಾಸಿಡರ್ ಕಾಲದ ಗಾಜಿಗೆ ಈ ಕಾಟ ಇರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್. ಅದರ ಮೇಲೆ ಕಾರ್ಖಾನೆಯಲ್ಲಿ ಕೊಟ್ಟ ಗಟ್ಟಿ ಲೇಪವನ್ನು ಬಿಸಿಲು ವರ್ಷಗಟ್ಟಲೆ ತಿನ್ನುತ್ತದೆ, ಹಳದಿ ಶುರುವಾಗುವುದು ಆಮೇಲೆ. ದಿನಾ ಬಿಸಿಲಿಗೆ ಮುಖ ಮಾಡಿ ನಿಲ್ಲುವ ಕಡೆಯ ಲೈಟೇ ಮೊದಲು ಕೆಡುತ್ತದೆ.

ಉಜ್ಜುವ ಭಾಗಕ್ಕೆ ಹೆಸರಿಡುವಂತಿಲ್ಲ. ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಅಂಟಿಸಿ. ಸ್ಪ್ರೇ ಬಾಟಲಿ ನೀರಿಗೆ ಎರಡು ಹನಿ ಶಾಂಪೂ. 1000 ನಂಬರ್ ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಉಪ್ಪುಕಾಗದ; ನಂಬರ್ ಏರಿದಷ್ಟೂ ನಯ) ಅಡ್ಡಡ್ಡ ಉಜ್ಜುತ್ತಿದ್ದರೆ ಮೊದಲು ಇಳಿಯುವುದು ಹಳದಿ ನೀರು. ಅದು ಸಾಯುತ್ತಿರುವ ಹಳೆಯ ಲೇಪ. ನೀರು ಹಾಲಿನಂತೆ ಬೆಳ್ಳಗಾಗುವವರೆಗೆ ಬಿಡಬೇಡಿ. ಇದನ್ನು ನೋಡುವುದೇ ಒಂದು ಸುಖ. ಮೂಲೆಗಳಲ್ಲಿ ಬೆರಳಿಗೆ ಕಾಗದ ಸುತ್ತಿ ತಿಕ್ಕಬೇಕು, ಅಲ್ಲಿ ಹಳೆಯ ಲೇಪ ಚೂರು ಉಳಿದರೂ ಮುಂದೆ ಅದು ಭೂಪಟದಂತೆ ಎದ್ದು ಕಾಣುತ್ತದೆ. ಆಮೇಲೆ 2000 ನಂಬರ್, ಈ ಸಲ ಉದ್ದುದ್ದ. ಹಿಂದಿನ ಅಡ್ಡ ಗೀರುಗಳು ಉಳಿದಿದ್ದರೆ ಆಗ ಕಣ್ಣಿಗೆ ಬೀಳುತ್ತವೆ. ಕೊನೆಗೆ 3000, ಪಾಲಿಶ್. 1000ದ ಗೀರು ಉಳಿಸಿಕೊಂಡು ಪಾಲಿಶ್ ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ. ಒಂದು ಲೈಟಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಮುಗಿದಾಗ ಶೋರೂಮಿನಿಂದ ಬಂದಂತಿರುತ್ತದೆ.

ಕಿಟ್ಟಿನವರು ಕೈ ಎತ್ತುವುದು ಇಲ್ಲೇ. ನೇರಳಾತೀತ ಕಿರಣ ತಡೆಯುವ ಲೇಪ ಅಂತ ಕೊಟ್ಟಿರುವುದು ಶಾಂಪೂ ಸ್ಯಾಶೆಯಷ್ಟು ಪುಟ್ಟ ಪೊಟ್ಟಣ, ಅದೂ ಎರಡು ಲೈಟಿಗೆ ಒಂದೇ. ಮೊದಲ ಲೈಟಿಗೆ ಧಾರಾಳವಾಯಿತು ಅಂದರೆ ಎರಡನೆಯದಕ್ಕೆ ಬಟ್ಟೆ ಹಿಂಡಬೇಕು. ನಿಮಿಷದೊಳಗೆ ಅಂಟಂಟಾಗುವುದರಿಂದ ಬಳಿದ ಜಾಗಕ್ಕೆ ಮತ್ತೆ ಕೈ ಆಡಿಸಿದರೆ ಗೆರೆ ಖಾಯಂ. ನೆರಳಿನಲ್ಲಿ, ಒಣ ಹವೆಯಲ್ಲಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದ ಮೇಲೆ ಬಳಿದು, ಒಂದು ದಿನ ನೀರು ಸೋಕಿಸದೆ ಇಟ್ಟರೂ ಐದನೇ ತಿಂಗಳಿಗೆ ಮೇಲಂಚಿನಿಂದ ಹಳದಿ ಇಣುಕಿತು. ವರ್ಷ ತುಂಬುವಷ್ಟರಲ್ಲಿ ಎಲ್ಲಿದ್ದೆವೋ ಅಲ್ಲಿಗೇ. ಕಾರಣ ಸರಳ: ಉಜ್ಜಿದಾಗ ಅಳಿದುಳಿದ ಕಾರ್ಖಾನೆ ಲೇಪವೂ ಹೋಗಿರುತ್ತದೆ. ಅದರ ಜಾಗಕ್ಕೆ ಗಟ್ಟಿಯಾದದ್ದು ಬರದಿದ್ದರೆ ಮುಂಚಿಗಿಂತ ಬೇಗ ಮಂಕಾಗುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ವಿದ್ಯೆ ಕೆಲವೇ ವಾರಕ್ಕೆ ಮುಗಿಯುವುದೂ ಇದಕ್ಕೇ. ಸೊಳ್ಳೆ ಓಡಿಸುವ ಸ್ಪ್ರೇ, ಪೆಟ್ರೋಲ್, ಥಿನ್ನರ್ ಹಚ್ಚಿ ಹೊಳಪು ತೋರಿಸುವವರನ್ನಂತೂ ಕಾರಿನ ಹತ್ತಿರ ಬಿಡಬೇಡಿ. ಅವು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸುತ್ತವೆ, ಮುಂದೆ ಜೇಡರ ಬಲೆಯಂಥ ಬಿರುಕು ಬಿಡುತ್ತದೆ.

ಈಗಿನ ಸಲಹೆ: ಕಿಟ್ ಬೇಡ. ವಾಟರ್ ಪೇಪರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಹಾಳೆ ಲೆಕ್ಕದಲ್ಲಿ ಸಿಗುತ್ತದೆ. ಉಳಿದ ದುಡ್ಡನ್ನು ಟಿಂಕರಿಂಗ್-ಪೇಂಟಿಂಗ್ ಶೆಡ್ಡಿನವರಿಗೆ ಕೊಟ್ಟು 2ಕೆ ಕ್ಲಿಯರ್ ಹೊಡೆಸಿ, ಅಂದರೆ ಹಾರ್ಡ್ನರ್ (ಗಟ್ಟಿಯಾಗಿಸುವ ದ್ರವ) ಬೆರೆಸಿ ಹೊಡೆಯುವ ಬಣ್ಣವಿಲ್ಲದ ಪಾರದರ್ಶಕ ಪೇಂಟ್. ಬೇರೆ ಕಾರಿನ ಬಂಪರ್ ಕೆಲಸಕ್ಕೆ ಅದನ್ನು ಕಲಸಿದ ದಿನ ಹೋದರೆ ಅಗ್ಗಕ್ಕೇ ಮುಗಿಯುತ್ತದೆ. ಇದಕ್ಕೆ 1000ದಲ್ಲೇ ಉಜ್ಜುವುದನ್ನು ನಿಲ್ಲಿಸಿ, ಪಾಲಿಶ್ ಮಾಡಬೇಡಿ. ಆ ಸಣ್ಣ ಗೀರುಗಳೇ ಲೇಪಕ್ಕೆ ಹಿಡಿತ, ಕ್ಲಿಯರ್ ಕೂತಾಗ ಅವೇ ಮಾಯವಾಗುತ್ತವೆ. ಮೊದಲ ಕೋಟು ಇಬ್ಬನಿಯಷ್ಟು ತೆಳ್ಳಗಿರಲಿ, ದಪ್ಪ ಹೊಡೆದರೆ ಅದರಲ್ಲಿನ ಥಿನ್ನರ್ ಪ್ಲಾಸ್ಟಿಕ್ಕನ್ನು ಕಚ್ಚುತ್ತದೆ. ಹಾರ್ಡ್ನರ್ ಹೊಗೆ ಶ್ವಾಸಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕ್ ಅದನ್ನು ತಡೆಯದು. ಮನೆಯಲ್ಲಿ ಈ ಸಾಹಸ ಬೇಡ. ಶೆಡ್ಡಿನವರು ಹಾರ್ಡ್ನರ್ ಇಲ್ಲದ ಅಗ್ಗದ ಕ್ಲಿಯರ್ ಡಬ್ಬಿ ಹಿಡಿದು ಬಂದರೆ ಬೇಡ ಅನ್ನಿ, ಅದು ಬೇಗ ಸಿಪ್ಪೆ ಏಳುತ್ತದೆ.

ಒಳಗಿನ ರಿಫ್ಲೆಕ್ಟರ್ ಹೊಳಪು ಕಳೆದುಕೊಂಡು ಸುಟ್ಟಂತಾಗಿದ್ದರೆ ಇದ್ಯಾವುದೂ ಬೇಡ, ಇಡೀ ಹೆಡ್‌ಲೈಟ್ ಅಸೆಂಬ್ಲಿಯನ್ನೇ ಬದಲಿಸಿ. ಹೊಸದನ್ನು ಕೂರಿಸಿದ ಮೇಲೆ ಗೋಡೆಗೆ 5 ಮೀಟರ್ ದೂರದಲ್ಲಿ ಸಮ ನೆಲದ ಮೇಲೆ ಕಾರು ನಿಲ್ಲಿಸಿ ಡಿಮ್ ಹಾಕಿ: ಬೆಳಕಿನ ಮೇಲಂಚು ಹೆಡ್‌ಲೈಟಿನ ನಡುಮಟ್ಟಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ ಬೀಳಬೇಕು. ಎತ್ತರ ಹೊಂದಿಸುವ ಸ್ಕ್ರೂ ಸಾಮಾನ್ಯವಾಗಿ ಲೈಟಿನ ಹಿಂಬದಿಯಲ್ಲೇ ಇರುತ್ತದೆ.