ಕಾಫಿ ತೋಟದ ಮದ್ದನ್ನು ಕೋಳಿಗೂಡಿಗೆ ಹೊಡೆಯಬೇಡಿ

ಕಳೆದ ಮಳೆಗಾಲದಲ್ಲಿ, ಕೊಡಗಿನ ಸೋಮವಾರಪೇಟೆ ಸಮೀಪದ ನಮ್ಮ ಮನೆಯ ಹಿತ್ತಲಿನಲ್ಲಿ ಸಾಕಿದ್ದ 25 ನಾಟಿ ಕೋಳಿಗಳ ಪೈಕಿ 14 ಕೋಳಿಗಳು ಒಂದು ರಾತ್ರಿ ಕಳೆದು ಮರುದಿನದ ಮಧ್ಯಾಹ್ನ ಆಗುವುದರೊಳಗೆ ಸತ್ತವು. ಅವುಗಳನ್ನು ಕೊಂದದ್ದು ನಾವೇ ಸಿಂಪಡಿಸಿದ ಮದ್ದು. ತೋಟವಿರುವ ಪ್ರತಿ ಮನೆಯ ಉಗ್ರಾಣದಲ್ಲೂ ಅಂತಹ ಡಬ್ಬಿಯೊಂದು ಇದ್ದೇ ಇರುತ್ತದೆ ಮತ್ತು ಕೋಳಿಗೆ ಹೇನು ಬಿದ್ದಾಗ ಅದರ ನೆನಪಾಗುವುದು ಸಹಜ ಎಂಬ ಕಾರಣಕ್ಕೆ ನಡೆದುದನ್ನು ಮೊದಲಿನಿಂದ ಬರೆಯುತ್ತಿದ್ದೇನೆ.

ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ, ಸಂತೆಯಿಂದ ನಾಲ್ಕು ಹೇಂಟೆಗಳನ್ನು ತಂದೆವು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ಮಾಸದಲ್ಲಿ ನಾಟಿ ಕೋಳಿಗೆ ಬೇಡಿಕೆ ಹೆಚ್ಚುವುದರಿಂದ ಅಷ್ಟರೊಳಗೆ ಒಂದಷ್ಟು ಮರಿ ಮಾಡಿಸಿಕೊಳ್ಳಬೇಕೆಂಬುದು ನಮ್ಮ ಆಲೋಚನೆಯಾಗಿತ್ತು. ಆ ನಾಲ್ಕೂ ನೋಡಲು ಚೆನ್ನಾಗಿಯೇ ಇದ್ದವು. ಅಂದು ಸಂಜೆಯೇ ಅವುಗಳನ್ನು ಹಳೆಯ ಕೋಳಿಗಳ ಜೊತೆ ಒಂದೇ ಗೂಡಿಗೆ ಬಿಟ್ಟೆವು. ಹೊಸ ಕೋಳಿಗಳನ್ನು ಕನಿಷ್ಠ ನಾಲ್ಕು ವಾರ ಬೇರೆ ಗೂಡಿನಲ್ಲಿ, ಬೇರೆ ನೀರಿನ ಪಾತ್ರೆ ಕೊಟ್ಟು ನೋಡಬೇಕು ಎಂಬುದನ್ನು ಕೇಳಿ ತಿಳಿದಿದ್ದರೂ, ಮಳೆ ಬರುವ ಮುನ್ನ ಮತ್ತೊಂದು ಗೂಡು ಕಟ್ಟುವ ತಾಳ್ಮೆ ನಮಗಿರಲಿಲ್ಲ. ಬಂದ ಉಪದ್ರವ ಆ ಕೋಳಿಗಳಿಂದಲೇ ಬಂತೋ, ಅವುಗಳನ್ನು ಹೊತ್ತು ತಂದ ಹಳೆಯ ಬಿದಿರಿನ ಬುಟ್ಟಿಯಿಂದ ಬಂತೋ ನಿಶ್ಚಯವಾಗಿ ಹೇಳಲಾರೆ. ಆ ಬುಟ್ಟಿಯನ್ನೂ ನಾವು ಗೂಡಿನೊಳಗೇ ತೂಗುಹಾಕಿದ್ದೆವು.

ಜೂನ್ ಮುಗಿಯುವ ಹೊತ್ತಿಗೆ ಮೊಟ್ಟೆ ಕಡಿಮೆಯಾಯಿತು. ದಿನಕ್ಕೆ ಎಂಟು ಒಂಬತ್ತು ಸಿಗುತ್ತಿದ್ದುದು ಎರಡಕ್ಕೆ ಇಳಿಯಿತು. ಹೇಂಟೆಗಳ ಜುಟ್ಟು ಕೆಂಪು ಬಣ್ಣ ಕಳೆದುಕೊಂಡು ಬಿಳಿಚಿತು. ಹಗಲಿನಲ್ಲಿ ಮೇಯುತ್ತಿದ್ದ ಕೋಳಿಗಳು ಸಂಜೆಯಾಗುತ್ತಲೇ ಗೂಡಿನ ಬಾಗಿಲವರೆಗೆ ಬಂದು ಒಳಗೆ ಹೋಗದೆ ನಿಲ್ಲುತ್ತಿದ್ದವು. ಕೆಲವು ಆ ಮಳೆಯಲ್ಲೇ ಸಿಲ್ವರ್ ಓಕ್ ಮರದ ಕೊಂಬೆ ಹತ್ತಿ ಕೂರುತ್ತಿದ್ದವು. ನಾವು ಅವುಗಳನ್ನು ಹಿಡಿದು ಒಳಗೆ ತಳ್ಳುತ್ತಿದ್ದೆವು. ಗೂಡಿಗೆ ಹೋಗಲು ಹೆದರುವ ಕೋಳಿ ಗೂಡಿನೊಳಗೆ ಏನೋ ಇದೆ ಎಂದು ಹೇಳುತ್ತಿರುತ್ತದೆ ಎಂಬುದು ನಮಗೆ ಹೊಳೆಯಲಿಲ್ಲ. ಈಗ ನೆನೆದರೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುವುದು ಅದೇ.

ಮೊದಲು ಕೊಕ್ಕರೆ ರೋಗವೆಂದು (ರಾಣಿಖೇತ್) ಹೆದರಿದೆವು. ಆದರೆ ಲಸಿಕೆ ಹಾಕಿಸದ ಕೋಳಿಗಳಿಗೆ ಕೊಕ್ಕರೆ ರೋಗ ಬಂದರೆ ಅದು ವಾರಗಟ್ಟಲೆ ಕಾಯುವುದಿಲ್ಲ. ಹಸಿರು ಮಿಶ್ರಿತ ಭೇದಿ, ಉಸಿರಾಟದ ತೊಂದರೆ, ಕುತ್ತಿಗೆ ತಿರುಚುವುದು ಕಾಣಿಸಿಕೊಂಡು ಕೆಲವೇ ದಿನಗಳಲ್ಲಿ ಹಿಂಡಿನ ಹೆಚ್ಚಿನ ಪಾಲು ಹೋಗಿಬಿಡುತ್ತದೆ. ನಮ್ಮ ಕೋಳಿಗಳು ನಿಧಾನವಾಗಿ ಸೊರಗುತ್ತಿದ್ದವು. ಆಗಲೇ ಪಶು ಆಸ್ಪತ್ರೆಗೆ ಹೋಗುವ ಬದಲು ಪೇಟೆಯ ಅಂಗಡಿಯೊಂದರಲ್ಲಿ ಲಕ್ಷಣ ಹೇಳಿ ಮದ್ದು ಕೇಳಿದೆವು. ಅಂಗಡಿಯವರು ಜಂತುಹುಳುವಿನ ಔಷಧಿಯನ್ನೂ ಒಂದು ಆ್ಯಂಟಿಬಯೋಟಿಕ್ ಪುಡಿಯನ್ನೂ ಕೊಟ್ಟರು. ಆ ಪುಡಿ ಕೊಡುತ್ತಿರುವಾಗ ಸಿಕ್ಕಿದ ಮೊಟ್ಟೆಗಳನ್ನು ಎಷ್ಟು ದಿನ ತಿನ್ನಬಾರದು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೋಳಿಗಳಂತೂ ಚೇತರಿಸಿಕೊಳ್ಳಲಿಲ್ಲ.

ಕಾವಿಗೆ ಕೂತಿದ್ದ ಒಂದು ಕಂದು ಬಣ್ಣದ ಹೇಂಟೆ ಜುಲೈ ಮೊದಲ ವಾರದಲ್ಲಿ ಮೊಟ್ಟೆಗಳ ಮೇಲೆಯೇ ಸತ್ತಿತ್ತು. ಅದನ್ನು ಎತ್ತಿದಾಗ ತೀರಾ ಹಗುರವಾಗಿತ್ತು, ಜುಟ್ಟು ಕಾಗದದಂತಿತ್ತು. ಕೈಗಳನ್ನು ತೊಳೆಯುವ ಮೊದಲೇ ಮುಂಗೈಯಿಂದ ಮೊಣಕೈವರೆಗೆ ತುರಿಕೆ ಹತ್ತಿತು. ನಮ್ಮ ಅತ್ತೆಯವರು ನೋಡಿ, “ಇದು ಹೇನೇ ಕಣಮ್ಮ, ಒಲೆ ಬೂದಿ ಹಾಕು” ಎಂದರು. ಪರಿಚಿತರೊಬ್ಬರು, ಬೂದಿಗೆಲ್ಲ ಇದು ಬಗ್ಗುವುದಿಲ್ಲ, ತೋಟದ ಮದ್ದನ್ನು ಸ್ವಲ್ಪ ತೆಳ್ಳಗೆ ಮಾಡಿ ಹೊಡೆಯಿರಿ ಎಂದು ಹೇಳಿದರು. ಅತ್ತೆಯವರ ಮಾತು ಕೇಳಿದ್ದರೆ ಉಪದ್ರವ ಪೂರ್ತಿ ಹೋಗದಿದ್ದರೂ ಕೋಳಿಗಳು ಒಂದೇ ರಾತ್ರಿ ಸಾಯುತ್ತಿರಲಿಲ್ಲ.

ಅರೇಬಿಕಾ ಕಾಫಿ ಗಿಡಗಳ ಬಿಳಿ ಕಾಂಡಕೊರಕ ಹುಳುವಿಗೆಂದು ಬೇಸಿಗೆಯಲ್ಲಿ ಕಾಂಡಗಳಿಗೆ ಸಿಂಪಡಿಸಿ ಉಳಿದಿದ್ದ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಉಗ್ರಾಣದಲ್ಲಿತ್ತು. ನಮ್ಮ ಮಾತಿನಲ್ಲಿ ಗಿಡಕ್ಕೆ ಹೊಡೆಯುವ ವಿಷವೂ ಮದ್ದು, ಕಾಯಿಲೆಗೆ ಕುಡಿಸುವ ಔಷಧಿಯೂ ಮದ್ದು. ಈ ಒಂದು ಪದದ ಬಳಕೆಯಿಂದ ಎಷ್ಟು ಅನಾಹುತವಾಗುತ್ತದೆ ಎಂಬುದನ್ನು ನಾನು ಅಂದು ಕಂಡೆ. ಕ್ಲೋರ್‌ಪೈರಿಫಾಸ್ ಹಕ್ಕಿಗಳ ಪಾಲಿಗೆ ತೀವ್ರವಾದ ವಿಷ. ಅದು ನರಗಳಿಂದ ಸ್ನಾಯುಗಳಿಗೆ ಹೋಗುವ ಸಂಕೇತವನ್ನು ನಿಲ್ಲಿಸಬೇಕಾದ ಕಿಣ್ವವನ್ನೇ ಕಟ್ಟಿಹಾಕುವುದರಿಂದ ಸ್ನಾಯುಗಳು ಸೆಟೆದು, ನಡುಗಿ, ಕೊನೆಗೆ ಉಸಿರಾಟ ನಿಲ್ಲುತ್ತದೆ. ಚರ್ಮದ ಮೂಲಕವೂ ಉಸಿರಿನ ಮೂಲಕವೂ ಅದು ದೇಹ ಸೇರುತ್ತದೆ; ಕೋಳಿ ಕೊಕ್ಕಿನಿಂದ ಗರಿ ತಿದ್ದಿಕೊಳ್ಳುವಾಗ ಬಾಯಿಂದಲೂ ಸೇರುತ್ತದೆ. ತೆಳ್ಳಗೆ ಮಾಡಿದರೆ ಸಾಕೆಂಬ ಲೆಕ್ಕಕ್ಕೆ ಇಲ್ಲಿ ಯಾವ ಆಧಾರವೂ ಇಲ್ಲ.

ಸಂಜೆ ಆರು ಗಂಟೆಗೆ ಗೂಡಿನ ಒಳಗೋಡೆಗೂ ಕೋಳಿಗಳು ಕೂರುವ ಅಡ್ಡಗೋಲುಗಳಿಗೂ ಸಿಂಪಡಿಸಿ, ಒಂದೊಂದೇ ಕೋಳಿಯನ್ನು ಹಿಡಿದು ರೆಕ್ಕೆಯ ಅಡಿಗೂ ಹೊಡೆದೆವು. ಜಡಿಮಳೆಯಿದ್ದುದರಿಂದ ಎಂದಿನಂತೆ ಟಾರ್ಪಾಲು ಇಳಿಬಿಟ್ಟು ಬಾಗಿಲು ಹಾಕಿದೆವು. ಗಾಳಿಯಾಡದ ಆ ಗೂಡಿನಲ್ಲಿ ಅವು ರಾತ್ರಿಯಿಡೀ ಆ ವಿಷವನ್ನೇ ಉಸಿರಾಡಿದವು. ಬೆಳಿಗ್ಗೆ ಬಾಗಿಲು ತೆಗೆದಾಗ 11 ಕೋಳಿಗಳು ನೆಲದ ಮೇಲೆ ಬಿದ್ದಿದ್ದವು. ಉಳಿದವುಗಳ ಕೊಕ್ಕಿನಿಂದ ಅಂಟು ಜೊಲ್ಲು ಸುರಿಯುತ್ತಿತ್ತು. ದೊಡ್ಡ ಹುಂಜ ಏಳಲು ಪ್ರಯತ್ನಿಸಿ, ಕಾಲು ನಿಲ್ಲದೆ ಎದೆಯ ಮೇಲೆ ಕುಸಿದು, ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಬದುಕಿದ್ದವುಗಳನ್ನು ಬುಟ್ಟಿಗಳಲ್ಲಿ ತುಂಬಿಕೊಂಡು ಪಶು ಆಸ್ಪತ್ರೆಗೆ ಓಡಿದೆವು. ವೈದ್ಯರು ಅಟ್ರೋಪಿನ್ ಚುಚ್ಚುಮದ್ದು ಕೊಟ್ಟು, ಮೈಮೇಲಿನ ವಿಷ ಹೋಗುವಂತೆ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆಸಿ, ಒಣಗಿಸಿ ಬೆಚ್ಚಗಿಡಲು ಹೇಳಿದರು. ಹುಂಜವೂ ಸೇರಿ ಇನ್ನೂ ಮೂರು ಸತ್ತವು. ಸತ್ತವುಗಳನ್ನು ಯಾರಿಗೂ ಕೊಡದೆ, ನಾಯಿಗೂ ಹಾಕದೆ, ನೀರಿನ ಮೂಲದಿಂದ ದೂರದಲ್ಲಿ ಆಳವಾದ ಗುಂಡಿ ತೆಗೆದು ಹೂತೆವು.

ವೈದ್ಯರು ಸತ್ತ ಕೋಳಿಯೊಂದನ್ನು ಕೊಯ್ದು ತೋರಿಸಿದಾಗ ಮಾಂಸವೆಲ್ಲ ಬಿಳಿಚಿಕೊಂಡು ರಕ್ತ ನೀರಿನಂತಿತ್ತು. ಅದು ವಿಷದಿಂದ ಆದದ್ದಲ್ಲ, ಮೊದಲೇ ವಾರಗಟ್ಟಲೆ ರಕ್ತ ಹೋಗಿದೆ ಎಂದರು. “ಅಮ್ಮ, ಹಗಲು ಕೋಳಿಯ ಮೈ ನೋಡಿದರೆ ನಿಮಗೆ ಏನೂ ಸಿಗುವುದಿಲ್ಲ. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಗೂಡು ನೋಡಿ” ಎಂದು ಹೇಳಿ ಕಳುಹಿಸಿದರು.

ಬದುಕಿದ ಕೋಳಿಗಳನ್ನು ಕಣದ ಪಕ್ಕದ ಶೆಡ್ಡಿಗೆ ಸೇರಿಸಿ, ಆ ರಾತ್ರಿ ಕೈಗವಸು ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಖಾಲಿ ಗೂಡಿಗೆ ಹೋದೆವು. ಬಿದಿರಿನ ಅಡ್ಡಗೋಲು ಗೋಡೆಗೆ ತಾಗುವಲ್ಲಿ ಬೂದಿ ಮತ್ತು ಉಪ್ಪು ಬೆರೆಸಿ ಚೆಲ್ಲಿದಂತಹ ಪುಡಿಯಿತ್ತು. ಅದನ್ನು ಹಿಂದೆಯೂ ನೋಡಿ ಧೂಳೆಂದು ಬಿಟ್ಟಿದ್ದೆವು. ಗೋಲನ್ನು ಕಿತ್ತು ಒಂದು ಬಿಳಿ ಬಟ್ಟೆಯ ಮೇಲೆ ಕುಟ್ಟಿದಾಗ ಅದರ ಟೊಳ್ಳಿನಿಂದ ಸಾಸಿವೆಗಿಂತ ಚಿಕ್ಕದಾದ ಚುಕ್ಕೆಗಳು ಉದುರಿ ನಾಲ್ಕೂ ಕಡೆ ಹರಿದಾಡಿದವು. ಕೆಲವು ಬೂದುಬಣ್ಣದವು, ಕೆಲವು ರಕ್ತ ಕುಡಿದು ಕೆಂಪಾದವು. ಬೆರಳಿನಿಂದ ಒತ್ತಿದಲ್ಲೆಲ್ಲ ಬಟ್ಟೆಯ ಮೇಲೆ ಕೆಂಪು ಗೆರೆ ಮೂಡಿತು. ಕೋಳಿಗಳನ್ನು ಕೊಂದ ವಿಷ ಬಿದಿರಿನ ಟೊಳ್ಳಿನೊಳಗಿದ್ದ ಇವುಗಳನ್ನು ಮುಟ್ಟಿಯೇ ಇರಲಿಲ್ಲ.

ಇದು ಕೆಂಪು ನುಸಿ, ಹೇನಲ್ಲ. ಈ ವ್ಯತ್ಯಾಸ ತಿಳಿದಿರಲೇಬೇಕು. ಹೇನು ಹಗಲೂ ರಾತ್ರಿ ಕೋಳಿಯ ಮೈಮೇಲೆಯೇ ಇರುತ್ತದೆ. ಗುದದ್ವಾರದ ಸುತ್ತಲಿನ ಗರಿಗಳನ್ನು ಬಿಡಿಸಿ ನೋಡಿದರೆ ಓಡಾಡುವ ಹುಳುಗಳೂ ಗರಿಯ ಬುಡಕ್ಕೆ ಅಂಟಿದ ಬಿಳಿ ಮೊಟ್ಟೆಗಳ ಗೊಂಚಲೂ ಕಾಣುತ್ತವೆ. ಕೆಂಪು ನುಸಿ ಹಗಲು ಗೂಡಿನ ಸಂದುಗಳಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಬಂದು ರಕ್ತ ಹೀರಿ ಮತ್ತೆ ಸಂದಿಗೆ ಮರಳುತ್ತದೆ. ಕಾವಿಗೆ ಕೂತ ಹೇಂಟೆ ಗೂಡು ಬಿಟ್ಟು ಏಳದ ಕಾರಣ ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಹಿಂಸೆ. ಬೆಚ್ಚಗಿನ ತೇವದ ಹವೆಯಲ್ಲಿ ಈ ನುಸಿಯ ಜೀವನಚಕ್ರ ಏಳರಿಂದ ಹತ್ತು ದಿನಗಳಲ್ಲಿ ಮುಗಿಯುತ್ತದೆ. ರಕ್ತ ಸಿಗದಿದ್ದರೂ ಅದು ತಿಂಗಳುಗಟ್ಟಲೆ ಬದುಕಿರಬಲ್ಲದು. ಆದುದರಿಂದ ಗೂಡನ್ನು ಕೆಲವು ವಾರ ಖಾಲಿ ಬಿಟ್ಟ ಮಾತ್ರಕ್ಕೆ ಅದು ನಾಶವಾಗುವುದಿಲ್ಲ.

ವಿಷ ಹೀರಿದ ಆ ಮರದ ಗೂಡನ್ನು ಮತ್ತೆ ಬಳಸುವ ಧೈರ್ಯ ನಮಗಾಗಲಿಲ್ಲ, ಬಿಚ್ಚಿ ತೆಗೆದುಹಾಕಿದೆವು. ಹೊಸ ಗೂಡಿನ ಅಡ್ಡಗೋಲುಗಳು ಸಿಪ್ಪೆಯಾಗಲಿ ಸೀಳಾಗಲಿ ಇಲ್ಲದ ನುಣುಪಾದ ಮರದವು. ಅವು ಗೋಡೆಗೆ ತಾಗುವುದಿಲ್ಲ, ಎಣ್ಣೆ ತುಂಬಿದ ಬಟ್ಟಲುಗಳಲ್ಲಿ ನಿಂತ ಕಾಲುಗಳ ಮೇಲೆ ಕೂತಿವೆ. ಶೆಡ್ಡಿನ ಸಂದುಗಳಿಗೆ ಕುದಿಯುವ ನೀರು ಹೊಯ್ದು, ಒಣಗಿದ ಮೇಲೆ ವೈದ್ಯರು ಬರೆದುಕೊಟ್ಟ, ಕೋಳಿಗೂಡಿಗೆಂದೇ ಇರುವ ಪರ್ಮೆಥ್ರಿನ್ ಔಷಧಿಯನ್ನು ಅವರು ಹೇಳಿದ ಪ್ರಮಾಣದಲ್ಲಿ, ಕೋಳಿಗಳನ್ನು ಹೊರಗಿಟ್ಟು ಸಿಂಪಡಿಸಿದೆವು. ನುಸಿಯ ಮೊಟ್ಟೆಗಳು ಮೊದಲ ಸಲ ಸಾಯುವುದಿಲ್ಲವಾದ್ದರಿಂದ ಒಂದು ವಾರ ಬಿಟ್ಟು ಮತ್ತೊಮ್ಮೆ ಸಿಂಪಡಿಸಬೇಕಾಯಿತು.

ಆಗಸ್ಟ್‌ನಲ್ಲಿ ಶೆಡ್ಡಿನ ನೆಲದ ಹೊಟ್ಟು ಒದ್ದೆಯಾಗಿ ತಿಂಗಳ ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡಿತು. ಈ ಸಲ ಊಹೆ ಮಾಡಲಿಲ್ಲ. ಹಿಕ್ಕೆಯನ್ನೇ ಪೊಟ್ಟಣ ಕಟ್ಟಿ ಆಸ್ಪತ್ರೆಗೆ ಒಯ್ದೆವು. ಅದು ಕಾಕ್ಸಿಡಿಯಾ ಎಂಬ ಕರುಳಿನ ಸೂಕ್ಷ್ಮ ಪರಾವಲಂಬಿಯಿಂದ ಬರುವ ರಕ್ತಭೇದಿಯೆಂದು ಖಚಿತವಾಗಿ, ಆಂಪ್ರೋಲಿಯಂ ಬೆರೆಸಿದ ನೀರನ್ನು ಐದು ದಿನ ಕೊಟ್ಟು, ಒದ್ದೆ ಹೊಟ್ಟನ್ನೆಲ್ಲ ತೆಗೆದು ಒಣ ಹೊಟ್ಟು ಹಾಸಿದ ಮೇಲೆ ಒಂದನ್ನುಳಿದು ಎಲ್ಲ ಮರಿಗಳೂ ಬದುಕಿದವು. ಆ ಔಷಧಿ ಕೊಡುವ ದಿನಗಳಲ್ಲಿ ಬಿ ವಿಟಮಿನ್ ಟಾನಿಕ್ ಕೊಡಬಾರದು, ಕೊಟ್ಟರೆ ಔಷಧಿಯ ಪರಿಣಾಮ ಕುಂದುತ್ತದೆ ಎಂಬುದನ್ನು ವೈದ್ಯರು ಹೇಳದಿದ್ದರೆ ನಾವು ಅದನ್ನೂ ಹಾಕಿಬಿಡುತ್ತಿದ್ದೆವು.

ಈಗ ತೋಟದ ಕೆಲಸದವರ ಲೈನ್ ಮನೆಯ ಹಿಂದೆ ಕಟ್ಟಿದ ಸಣ್ಣ ಗೂಡಿನಲ್ಲಿ ಸಂತೆಯಿಂದ ತಂದ ಎರಡು ಹೊಸ ಹೇಂಟೆಗಳಿವೆ. ತಂದ ಬುಟ್ಟಿಯನ್ನು ಅಂದೇ ಸುಟ್ಟಿದ್ದೇವೆ. ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಹೋಗಿ ಅಡ್ಡಗೋಲಿನ ಅಡಿಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡುತ್ತೇನೆ. ಇಂದಿಗೆ ಹನ್ನೆರಡು ದಿನವಾಯಿತು. ಬಟ್ಟೆಯ ಮೇಲೆ ಇದುವರೆಗೆ ಕೆಂಪು ಕಂಡಿಲ್ಲ. ದೊಡ್ಡ ಗೂಡಿಗೆ ಅವುಗಳನ್ನು ಬಿಡಲು ಇನ್ನೂ ಹದಿನಾರು ದಿನಗಳಿವೆ.