ಹಳೇ ಕಾರಿಗೆ ಟೈಮಿಂಗ್ ಲೈಟ್: ಬಲ್ಬ್ ಇರುವಾಗ ಇದು ಯಾಕೆ?

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಪಾಯಿಂಟ್ ಸೆಟ್ಟಿನ (ಕಾಯಿಲಿನ ಕರೆಂಟನ್ನು ಕೂಡಿಸಿ ಬಿಡಿಸುವ ಜೋಡಿ) ಕಾರಿಗೆ ಟೈಮಿಂಗ್, ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು, ಇಡಲು 12 ವೋಲ್ಟಿನ ಬಲ್ಬ್ ಒಂದಿದ್ದರೆ ಸಾಕು. ಕಾಯಿಲಿನಿಂದ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಬರುವ ವಯರಿಗೂ ಬಾಡಿಗೂ ನಡುವೆ ಅದನ್ನು ಕಟ್ಟಿ ಇಗ್ನಿಷನ್ ಆನ್ ಮಾಡಿದರೆ, ಪಾಯಿಂಟ್ ಬಿಡಿಸಿಕೊಂಡ ಕೂಡಲೇ ಬಲ್ಬ್ ಉರಿಯುತ್ತದೆ. ಆದರೆ ಅದು ನಿಂತ ಎಂಜಿನ್ನಿನ ಲೆಕ್ಕ. ವೇಗ ಏರಿದಂತೆ ಟೈಮಿಂಗ್ ಮುಂದೆ ಸರಿಯುತ್ತದೋ (ಕಿಡಿ ಬೇಗ ಹಾರುತ್ತದೋ) ಇಲ್ಲವೋ ಎಂದು ಬಲ್ಬ್ ಹೇಳುವುದಿಲ್ಲ. ಕಾಸರಗೋಡಿನ ಮಂಜೇಶ್ವರ, ಕುಂಬಳೆ ಕಡೆಯ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಕೆಡುವುದು ಅದೇ: ವೇಗಕ್ಕೆ ತಕ್ಕಂತೆ ಟೈಮಿಂಗನ್ನು ಮುಂದೆ ಸರಿಸುವ, ಡಿಸ್ಟ್ರಿಬ್ಯೂಟರಿನೊಳಗಿನ ಅಡ್ವಾನ್ಸ್ ವೇಟುಗಳು ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ಚೆರ್ಕಳದಿಂದ ಜಾಲ್ಸೂರಿನ ಕಡೆ ಹೋಗುವಾಗ ಗಾಡಿ ಏರಿನಲ್ಲಿ ಎಳೆಯುವುದಿಲ್ಲ, ಬಿಸಿಯಾಗುತ್ತದೆ, ಪೆಟ್ರೋಲ್ ಕುಡಿಯುತ್ತದೆ ಎಂದರೆ ಪಾಪ, ಕಾರ್ಬುರೇಟರನ್ನು ಬಿಚ್ಚುತ್ತಾರೆ. ಕಿಡಿ ಹಾರಿದಾಗಲೆಲ್ಲ ಮಿಂಚಿ, ತಿರುಗುವ ಪುಲ್ಲಿಯ ಗುರುತನ್ನು ನಿಂತಂತೆ ತೋರಿಸುವ ಟೈಮಿಂಗ್ ಲೈಟ್ ಕೊಳ್ಳಬೇಕಾದದ್ದು ಈ ಒಂದು ಪರೀಕ್ಷೆಗಾಗಿ.

ಲೈಟ್ ಹಿಡಿಯುವ ಮೊದಲು ಪಾಯಿಂಟ್ ಗ್ಯಾಪ್ ಸರಿಮಾಡಿ. ಲ್ಯೂಕಾಸ್ 25ಡಿ4 ಮಾದರಿಯ ಡಿಸ್ಟ್ರಿಬ್ಯೂಟರಿನಲ್ಲಿ ಅದು 0.35ರಿಂದ 0.40 ಮಿ.ಮೀ. ಗ್ಯಾಪ್ ಹೆಚ್ಚಾದರೆ ಟೈಮಿಂಗ್ ಮುಂದೆ ಹೋಗುತ್ತದೆ, ಕಡಿಮೆಯಾದರೆ ಹಿಂದೆ ಬೀಳುತ್ತದೆ. ಆಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಕ್ರ್ಯಾಂಕ್ ಪುಲ್ಲಿಯ ಗೀರಿಗೆ ಎಲೆ ತಟ್ಟೆಯ ಸುಣ್ಣ ತುಸು ಸವರಿ. ಒಣಗಿದ ಮೇಲೆ ಮಿಂಚಿನಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಲೈಟಿನ ಕೆಂಪು, ಕಪ್ಪು ಕ್ಲಿಪ್ಪುಗಳು ಬ್ಯಾಟರಿಗೆ. ಮೂರನೆಯ ಕ್ಲಾಂಪ್ 1ನೇ ಸಿಲಿಂಡರಿನ ಪ್ಲಗ್ ವಯರಿಗೆ. ಕ್ಲಾಂಪಿನ ಮೇಲೆ ಬಾಣದ ಗುರುತು ಇದ್ದರೆ ಅದು ಸಾಮಾನ್ಯವಾಗಿ ಪ್ಲಗ್ಗಿನ ಕಡೆ ತಿರುಗಿರಬೇಕು. ಕಾರ್ಬುರೇಟರಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ವ್ಯಾಕ್ಯೂಮ್ ಪೈಪ್ ಕಳಚಿ, ಕಾರ್ಬುರೇಟರ್ ಕಡೆಯ ಬಾಯಿ ಮುಚ್ಚಿ.

ಐಡ್ಲಿಂಗಿನಲ್ಲಿ ಗುರುತು ಮ್ಯಾನುಯಲ್ ಹೇಳಿದ ಡಿಗ್ರಿಯಲ್ಲಿ ನಿಲ್ಲಬೇಕು. ಇಲ್ಲವಾದರೆ ಡಿಸ್ಟ್ರಿಬ್ಯೂಟರ್ ಕ್ಲಾಂಪಿನ ಬೋಲ್ಟ್ ಸಡಿಲಿಸಿ: ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ತಿರುಗಿಸಿದರೆ ಟೈಮಿಂಗ್ ಮುಂದೆ, ಜೊತೆಗೆ ತಿರುಗಿಸಿದರೆ ಹಿಂದೆ. ಈಗ ನಿಧಾನಕ್ಕೆ 2500–3000 ಆರ್‌ಪಿಎಮ್‌ವರೆಗೆ ಏರಿಸಿ. ಬಿಳಿ ಗೆರೆ ತಡೆಯಿಲ್ಲದೆ ಮುಂದೆ ಸರಿದು, ಥ್ರಾಟಲ್ ಬಿಟ್ಟಾಗ ಇದ್ದಲ್ಲಿಗೇ ಮರಳಬೇಕು. ಅಲುಗದೆ ನಿಂತರೆ ವೇಟು ಅಂಟಿದೆ. ಬೇಸ್ ಪ್ಲೇಟ್ ತೆಗೆದು ತುಕ್ಕು ಕಳೆದು ತೆಳು ಎಣ್ಣೆ ಹನಿಸಿ, ಪಾಯಿಂಟಿಗೆ ಮಾತ್ರ ತಾಗಿಸಬೇಡಿ. ಮರಳದೆ ಮುಂದೆಯೇ ಉಳಿದರೆ ಸ್ಪ್ರಿಂಗ್ ತುಂಡಾಗಿರಬಹುದು; ಏರಿನಲ್ಲಿ ಟಕಟಕ ಬಡಿತಕ್ಕೆ ಇದೂ ಕಾರಣ. ಗೆರೆ ಒಂದೆಡೆ ನಿಲ್ಲದೆ ನಡುಗುತ್ತಿದ್ದರೆ ಶಾಫ್ಟಿನ ಬುಷ್ ಸವೆದಿರುವ ಸಂಶಯ ಉಂಟು. ಹಾಗಿದ್ದರೆ ಹೊಸ ಪಾಯಿಂಟ್ ಹಾಕಿದರೂ ಪ್ರಯೋಜನವಿಲ್ಲ. ವ್ಯಾಕ್ಯೂಮ್ ಪೈಪಿನ ಗಾಳಿಯನ್ನು ಬಾಯಿಯಿಂದ ಎಳೆದು ನೋಡಿ. ಡಿಸ್ಟ್ರಿಬ್ಯೂಟರಿನೊಳಗಿನ ಪ್ಲೇಟ್ ಸರಿಯಬೇಕು, ಸರಿದು ನಿಲ್ಲಬೇಕು. ಗಾಳಿ ಸಲೀಸಾಗಿ ಬಂದರೆ ಅದನ್ನು ಎಳೆಯುವ ಡಯಾಫ್ರಮ್ (ತೆಳು ಪೊರೆ) ಹರಿದಿದೆ.

ಇನ್ನೊಂದು ಉಪಯೋಗವನ್ನು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಮಳೆಯಲ್ಲಿ ಗಾಡಿ ಮಿಸ್ಸಿಂಗ್ ಹೊಡೆಯುವಾಗ ಕ್ಲಾಂಪನ್ನು ಒಂದೊಂದೇ ಪ್ಲಗ್ ವಯರಿಗೆ ಹಾಕುತ್ತ ಹೋಗಿ. ಮಿಂಚು ತಪ್ಪಿ ತಪ್ಪಿ ಬಂದ ವಯರಿನಲ್ಲಿ ಕರೆಂಟ್ ಸರಿಯಾಗಿ ಹರಿಯುತ್ತಿಲ್ಲ; ವಯರ್, ಕ್ಯಾಪ್ ನೋಡಿ. ಎಲ್ಲದರಲ್ಲೂ ತಪ್ಪಿದರೆ ಪಾಯಿಂಟ್, ಕಂಡೆನ್ಸರ್, ಕಾಯಿಲ್. ಮಿಂಚು ಸಮವಾಗಿದ್ದೂ ಮಿಸ್ಸಿಂಗ್ ಇದ್ದರೆ ಪ್ಲಗ್ ಅಥವಾ ಪೆಟ್ರೋಲಿನ ಕಡೆ ತಿರುಗಿ.

ಕೊರತೆಗಳೂ ಇವೆ. ಅಗ್ಗದವುಗಳಲ್ಲಿ ಪ್ಲಾಸ್ಟಿಕ್ ಕ್ಲಾಂಪ್ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ತಾಗಿದರೆ ಕರಗುತ್ತದೆ. ಕೆಳಗೆ ಬಿದ್ದರೆ ಒಳಗಿನ ಫೆರೈಟ್ ಒಡೆದು ಲೈಟ್ ಮಿಂಚುವುದೇ ಇಲ್ಲ. ಲೋಹದ ಕ್ಲಾಂಪಿನದ್ದನ್ನೇ ಕೊಳ್ಳಿ. ಮಿಂಚನ್ನು ಡಿಗ್ರಿ ಲೆಕ್ಕದಲ್ಲಿ ತಡಮಾಡುವ ಡಯಲ್ ಇರುವ ಲೈಟಿನ ಅಳತೆಯನ್ನು ಹಾಗೇ ನಂಬಬೇಡಿ: ಡಯಲ್ ಸೊನ್ನೆಗಿಟ್ಟಾಗ ಗುರುತು 10 ಡಿಗ್ರಿ ತೋರಿಸಿದರೆ, ಡಯಲ್ 10ಕ್ಕೆ ಇಟ್ಟಾಗ ಅದೇ ಗುರುತು ಟಿಡಿಸಿಗೆ (ಪಿಸ್ಟನ್ ಮೇಲ್ತುದಿಯಲ್ಲಿರುವ ಸೊನ್ನೆ ಡಿಗ್ರಿಗೆ) ಬರಬೇಕು. ನಡು ಹಗಲಿನ ಅಂಗಳದಲ್ಲಿ ಯಾವುದೂ ಸರಿಯಾಗಿ ಕಾಣುವುದಿಲ್ಲ, ನೆರಳಿಗೆ ಹೋಗಿ.

ಇದನ್ನು ಗಟ್ಟಿಯಾಗಿ ಹೇಳಬೇಕು: ಈ ಬೆಳಕಿನಲ್ಲಿ ತಿರುಗುವ ಫ್ಯಾನ್ ನಿಂತಂತೆ ಕಾಣಬಹುದು. ಹೆಗಲ ಮೇಲಿನ ಬೈರಾಸು ತೆಗೆದಿಡಿ, ಪಂಚೆಯ ಚುಂಗು ಕಟ್ಟಿಕೊಳ್ಳಿ, ಲೈಟಿನ ವಯರುಗಳನ್ನು ಬೆಲ್ಟಿನಿಂದ ದೂರ ಇಡಿ.

ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಮಾರುತಿ ಇರುವವರಿಗೆ ಇದರ ಅಗತ್ಯ ಅಷ್ಟಿಲ್ಲ. ಅಲ್ಲಿ ಅಡ್ವಾನ್ಸ್ ನಿರ್ಧರಿಸುವುದು ಇಸಿಎಂ, ಅಂದರೆ ಎಂಜಿನ್ನಿನ ಕಂಪ್ಯೂಟರ್. ಕಾರ್ಬುರೇಟರಿನ ಮಾರುತಿ 800ಕ್ಕೆ ಬೇಕು. ಗುರುತು ಪುಲ್ಲಿಯಲ್ಲಲ್ಲ, ಗೇರ್‌ಬಾಕ್ಸ್ ಕಡೆಯ ರಬ್ಬರ್ ಮುಚ್ಚಳ ತೆಗೆದರೆ ಫ್ಲೈವೀಲಿನ ಮೇಲೆ ಕಾಣುತ್ತದೆ.