ಗ್ಯಾರೆಟ್ ಏಸ್ 400: ಮಂಡ್ಯದ ಮಣ್ಣಿಗೆ ಹೊಂದುತ್ತದೆಯೇ?

ಗ್ಯಾರೆಟ್ ಏಸ್ 400 ಮೆಟಲ್ ಡಿಟೆಕ್ಟರಿನಲ್ಲಿ ಗ್ರೌಂಡ್ ಬ್ಯಾಲೆನ್ಸನ್ನು, ಅಂದರೆ ಮಣ್ಣಿನೊಳಗಿನ ಖನಿಜಕ್ಕೆ ಮೆಷಿನ್ ಸದ್ದು ಮಾಡದಂತೆ ಒಗ್ಗಿಸುವುದನ್ನು, ಕೈಯಿಂದ ಹೊಂದಿಸಲು ಬರುವುದಿಲ್ಲ. ಮೈಸೂರು, ಮಂಡ್ಯ ಕಡೆಯವರು ಕೊಳ್ಳುವ ಮೊದಲೇ ಇದನ್ನು ತಿಳಿದಿರಬೇಕು. ನಮ್ಮ ಕೆಮ್ಮಣ್ಣಿಗೆ ಆ ಬಣ್ಣ ಬಂದಿರುವುದೇ ಕಬ್ಬಿಣದ ಆಕ್ಸೈಡ್‌ನಿಂದ. ಕಾರ್ಖಾನೆಯಲ್ಲಿ ಕೂರಿಸಿ ಕಳಿಸಿದ ಬ್ಯಾಲೆನ್ಸ್‌ಗೆ ಅದು ಒಗ್ಗದಿದ್ದರೆ, ಏನೂ ಇಲ್ಲದ ಕಡೆಯೂ ಮೆಷಿನ್ ಕಿರಗುಟ್ಟುತ್ತಲೇ ಇರುತ್ತದೆ.

ಇದಕ್ಕೆ ದಾರಿಯಿದೆ. ಸೆನ್ಸಿಟಿವಿಟಿಗೆ, ಅಂದರೆ ಮೆಷಿನ್ನಿನ ಸೂಕ್ಷ್ಮತೆಗೆ, ಎಂಟು ಹಂತಗಳಿವೆ. ಕೆಮ್ಮಣ್ಣಿನ ಹೊಲದಲ್ಲಿ ನಾಲ್ಕರಿಂದ ಶುರು ಮಾಡಿ ಒಂದೊಂದೇ ಏರಿಸಿ; ಗಲಾಟೆ ಶುರುವಾದ ಕೂಡಲೇ ಒಂದು ಹಂತ ಇಳಿಸಿ ಅಲ್ಲೇ ನಿಲ್ಲಿಸಿ. ಕೋಲಿನ ತುದಿಯ ತಟ್ಟೆಯನ್ನು, ಅಂದರೆ ಕಾಯಿಲನ್ನು, ನೆಲದಿಂದ ಎರಡು ಬೆರಳು ಮೇಲೆ ಒಂದೇ ಎತ್ತರದಲ್ಲಿ ಆಡಿಸಿ. ಬೀಸಿನ ಕೊನೆಯಲ್ಲಿ ಕೈ ಮೇಲೆತ್ತುವ ಅಭ್ಯಾಸವಿದ್ದರೆ ಸುಳ್ಳು ಸದ್ದು ಬಂದೇ ಬರುತ್ತದೆ. ಹೀಗೆ ಇಳಿಸಿಕೊಂಡಾಗ ಪೈಸೆ ಗಾತ್ರದ ನಾಣ್ಯ ಅರ್ಧ ಗೇಣಿನೊಳಗಿದ್ದರೆ ನಂಬಬಹುದು, ಅದಕ್ಕಿಂತ ಆಳ ಬೇಡ. ತೋಟದ ಮೆತ್ತನೆ ಮಣ್ಣು, ಭತ್ತ ಕೊಯ್ದ ಮೇಲೆ ಇನ್ನೂ ಹಸಿ ಆರದ ಗದ್ದೆ, ಇಲ್ಲೆಲ್ಲ ಇದೇ ಮೆಷಿನ್ ಬಹಳ ಚೆನ್ನಾಗಿ ಓಡುತ್ತದೆ. ಒಂದು ಮಾತು: ಕೆರೆಗೋಡು (ಕೆರೆಯ ಹೂಳು) ಹೊಡೆದ ಹೊಲದಲ್ಲಿ ಸಿಕ್ಕ ನಾಣ್ಯ ಆ ಹೊಲದ್ದೇ ಎನ್ನಲಾಗದು, ಕೆರೆಯಿಂದ ಗೋಡಿನ ಜೊತೆ ಬಂದಿರಬಹುದು.

ಮೆಷಿನ್ನಿನ ಫ್ರೀಕ್ವೆನ್ಸಿ 10 ಕಿಲೋಹರ್ಟ್ಸ್, 8.5×11 ಇಂಚಿನ ಡಿಡಿ ಕಾಯಿಲ್ (ಒಳಗೆ D ಆಕಾರದ ಎರಡು ತಂತಿ ಸುರುಳಿ), ನಾಲ್ಕು ಎಎ ಸೆಲ್, ತೂಕ ಸುಮಾರು 1.3 ಕೆಜಿ. ಪಂಪ್‌ಸೆಟ್ ತಂತಿ, ಟಿ.ಸಿ. (ಕರೆಂಟಿನ ಟ್ರಾನ್ಸ್‌ಫಾರ್ಮರ್) ಹತ್ತಿರ ಸದ್ದು ಹುಚ್ಚೆದ್ದರೆ ಫ್ರೀಕ್ವೆನ್ಸಿ ಬದಲಿಸಿ ನೋಡಿ, ಜೇಬಿನ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ. ಕಾಯಿಲ್ ನೀರಲ್ಲಿ ಮುಳುಗಿದರೂ ಚಿಂತೆಯಿಲ್ಲ. ಮೇಲಿನ ಡಬ್ಬಿ ಮಾತ್ರ ಗದ್ದೆ ಕೆಸರಿಗೆ ಬೀಳಬಾರದು. ಕಾಯಿಲ್ ಕವರಿನೊಳಗೆ ಕೆಂಪು ಧೂಳು ಸೇರಿದರೂ ಸುಳ್ಳು ಸದ್ದು ಬರುತ್ತದೆ, ಆಗಾಗ ಬಿಚ್ಚಿ ತೊಳೆಯಿರಿ. ಕೇಬಲ್ಲನ್ನು ಕೋಲಿಗೆ ಬಿಗಿಯಾಗಿ ಸುತ್ತಿರಬೇಕು, ಸಡಿಲವಿದ್ದರೂ ಅದೇ ತೊಂದರೆ.

ನಮ್ಮ ಹೊಲಗಳಲ್ಲಿ ಕಸ ಜಾಸ್ತಿ: ಲಾಳದ ಮೊಳೆ, ಕುಡುಗೋಲಿನ ಚೂರು, ಬೋಲ್ಟು, ಗುಟ್ಕಾ ಪೊಟ್ಟಣ. ಐರನ್ ಆಡಿಯೋ ಗುಂಡಿಗೆ ಇಲ್ಲಿ ಪೂರ್ತಿ ಅಂಕ ಕೊಡಬೇಕು. ಅದನ್ನು ಒತ್ತಿಟ್ಟರೆ, ಸದ್ದು ಮಾಡದಂತೆ ಬಿಟ್ಟುಹಾಕಿದ ಕಬ್ಬಿಣವೂ ತಗ್ಗು ದನಿಯಲ್ಲಿ ಕೇಳುತ್ತದೆ. ಒಳ್ಳೆಯ ಸದ್ದಿನ ಜೊತೆ ಈ ಗೊಗ್ಗರು ದನಿಯೂ ಸೇರಿದ್ದರೆ, ತುಕ್ಕು ಹಿಡಿದ ದೊಡ್ಡ ಕಬ್ಬಿಣ ಮೋಸ ಮಾಡುತ್ತಿರುವ ಸಾಧ್ಯತೆಯೇ ಹೆಚ್ಚು. ತೊಂಬತ್ತು ಡಿಗ್ರಿ ತಿರುಗಿ ನಿಂತು ಮತ್ತೆ ಬೀಸಿ. ಯಾವ ಲೋಹವೆಂದು ಸೂಚಿಸಲು ಪರದೆಯಲ್ಲಿ ಬರುವ ನಂಬರು ಎರಡೂ ದಿಕ್ಕಿನಲ್ಲಿ ಹತ್ತಿರ ಹತ್ತಿರ ಬಂದರೆ ಮಾತ್ರ ಅಗೆಯಿರಿ.

ನಂಬರುಗಳ ವಿಷಯದಲ್ಲಿ ಕೈಪಿಡಿಯನ್ನು ಪೂರ್ತಿ ನೆಚ್ಚಬೇಡಿ, ಅದು ಅಮೆರಿಕದ ನಾಣ್ಯಗಳಿಗೆ ಬರೆದದ್ದು. ದಪ್ಪ ತಾಮ್ರದ ನಾಣ್ಯಗಳು, ಅಂದರೆ ಟಿಪ್ಪುವಿನ ಆನೆ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 'ಮಯಿಲಿ ಕಾಸು', ಪರದೆಯ ಮಾಪಕದ ಬಲಕ್ಕೆ, ದೊಡ್ಡ ನಂಬರಿನ ಕಡೆ, ಗಟ್ಟಿಯಾಗಿ ನಿಲ್ಲುತ್ತವೆ. 1964ರ ಆರು ಮೂಲೆಯ ಅಲ್ಯುಮಿನಿಯಂ ಮೂರು ಪೈಸೆಗೂ ಡಬ್ಬಿಯ ಮುಚ್ಚಳದ ಚೂರಿಗೂ ಗೊಂದಲವಾಗುತ್ತದೆ. 1988ರಿಂದ ಬಂದ ಸ್ಟೇನ್‌ಲೆಸ್ ಸ್ಟೀಲಿನ 25, 50 ಪೈಸೆಗಳು ಅಯಸ್ಕಾಂತಕ್ಕೆ ಅಂಟುವಂಥವು, ಹಾಗಾಗಿ ಕಬ್ಬಿಣವೆಂದೇ ಕಾಣಬಹುದು. ಕಂಠೀರವ ಹಣದಂಥ ಬೇಳೆಗಿಂತ ತುಸು ದೊಡ್ಡದಾದ ಚಿನ್ನದ ನಾಣ್ಯವನ್ನು ಈ ಕಾಯಿಲ್ ದಾಟಿ ಹೋಗುವುದೇ ಹೆಚ್ಚು. ಮನೆಯಲ್ಲಿರುವ ನಾಣ್ಯಗಳನ್ನು ಮಣ್ಣು ತುಂಬಿದ ಕುಂಡದಲ್ಲಿಟ್ಟು ನಂಬರು ಬರೆದುಕೊಳ್ಳಿ. ನಿಜವಾದ ಕೈಪಿಡಿ ಅದೇ.

ಸದ್ದಿನ ಜಾಗದ ಸುತ್ತ ಒಂದು ಗೇಣಗಲ ಮಣ್ಣನ್ನು ಗೆಡ್ಡೆಯಾಗಿ ಎತ್ತಿ ಗೋಣಿಚೀಲದ ಮೇಲಿಡಿ. ನಾಣ್ಯದ ಜಾಗವನ್ನು ಕರಾರುವಾಕ್ಕಾಗಿ ತೋರಿಸುವ, ಕೈಯಲ್ಲಿ ಹಿಡಿಯುವ ಪುಟ್ಟ ಪಿನ್‌ಪಾಯಿಂಟರ್ ಇದ್ದರೆ ಗುದ್ದಲಿ ಏಟು ನಾಣ್ಯಕ್ಕೆ ಬೀಳುವುದು ತಪ್ಪುತ್ತದೆ. ಅದನ್ನು ಬೇರೆಯಾಗಿ ಕೊಳ್ಳಬೇಕು, ಕೊಳ್ಳಿ. ಹುಡುಕಿದ ಮೇಲೆ ಗುಂಡಿ ಮುಚ್ಚಿ ತುಳಿಯಿರಿ. ಸಿಕ್ಕ ತಾಮ್ರಕ್ಕೆ ಹುಣಸೆಹಣ್ಣು, ನಿಂಬೆರಸ, ಪಾತ್ರೆ ಪುಡಿ ತಾಗಿಸಲೇಬೇಡಿ. ಹಸಿರು ಪದರದ ಜೊತೆ ಆನೆಯ ಸೊಂಡಿಲು, ಅಕ್ಷರಗಳ ಅಂಚು ಎಲ್ಲ ಹೋಗಿ ಬರೀ ಕೆಂಪು ಬಿಲ್ಲೆ ಉಳಿಯುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ, ಮೃದುವಾದ ಮರದ ಕಡ್ಡಿಯಿಂದ ಮಣ್ಣು ಬಿಡಿಸಿದರೆ ಸಾಕು.

ಎಲ್ಲಿ ಬೀಸಬಾರದು ಎಂಬುದು ಮೆಷಿನ್ನಿಗಿಂತ ದೊಡ್ಡ ಮಾತು. ಶ್ರೀರಂಗಪಟ್ಟಣದ ಕೋಟೆ, ದರಿಯಾ ದೌಲತ್, ಗುಂಬಜ್, ಸೋಮನಾಥಪುರ, ಇಂಥ ರಕ್ಷಿತ ಸ್ಮಾರಕಗಳ ಹತ್ತಿರ ಮೆಷಿನ್ ಹೊರಗೆ ತೆಗೆಯಲೇಬೇಡಿ. ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಸ್ವಂತ ಜಮೀನಿರಲಿ, ಬೇರೆಯವರದ್ದಿರಲಿ, ಮಣ್ಣಿನಿಂದ ಬೆಲೆಬಾಳುವ ಹಳೆಯ ವಸ್ತು ಸಿಕ್ಕಿದರೆ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿಗೆ ಬರೆದು ತಿಳಿಸಬೇಕು. ಬಚ್ಚಿಟ್ಟರೆ ಅಪರಾಧ. ನಾಣ್ಯದ ಜೊತೆ ಮಡಕೆ ಚೂರು, ಇಟ್ಟಿಗೆ ಕಂಡರೆ ಅಗೆತ ಅಲ್ಲಿಗೇ ನಿಲ್ಲಿಸಿ ಪುರಾತತ್ವ ಇಲಾಖೆಗೆ ಹೇಳಿ. ಯಾವ ಆಳದಲ್ಲಿ, ಯಾವುದರ ಪಕ್ಕ ಸಿಕ್ಕಿತು ಎಂಬುದು ಕಳೆದುಹೋದರೆ ಆ ನಾಣ್ಯದ ಅರ್ಧ ಕಥೆಯೇ ಕಳೆದಂತೆ. ಊರವರು ನಿಧಿಗಳ್ಳರೆಂದು ಅನುಮಾನಪಡುವುದು ಸಹಜ. ಜಮೀನಿನವರ ಒಪ್ಪಿಗೆ ಬರಹದಲ್ಲಿರಲಿ, ಕೆಲಸ ಹಗಲಲ್ಲೇ ನಡೆಯಲಿ.

ತೋಟ, ಗದ್ದೆಗಳಲ್ಲಿ ಹುಡುಕುವವರಿಗೆ, ಕಳೆ ಕೀಳುವಾಗ ಬಿದ್ದ ಉಂಗುರ, ಕಾಲ್ಚೈನು ಹುಡುಕಿಕೊಡುವವರಿಗೆ ಏಸ್ 400 ಧಾರಾಳ ಸಾಕು. ಬರೀ ಕೆಮ್ಮಣ್ಣಿನ ಹೊಲವೇ ಇರುವವರು ಸ್ವಲ್ಪ ಹೆಚ್ಚು ಹಣ ಕೂಡಿಸಿ, ಗ್ರೌಂಡ್ ಬ್ಯಾಲೆನ್ಸ್ ಹೊಂದಿಸಲು ಬರುವ ಅದೇ ಕಂಪನಿಯ ಎಟಿ ಪ್ರೊ ಅಥವಾ ನೊಕ್ಟಾದ ಸಿಂಪ್ಲೆಕ್ಸ್ ನೋಡಿ.